ಟೆಂಪೋಗೆ ತುಪ್ಪದೂಟ

"ವನಜಾ, ಇನ್ಮೇಲೆ ನಮ್ಮ ಟೆಂಪೋ ಬೆಟ್ಟ ಹತ್ತಲ್ಲ ಕಣೇ, ಹಾರುತ್ತೆ!"

ನಮ್ಮ ಯಜಮಾನರು ಅಂಗಳದಲ್ಲಿ ನಿಂತು ಹೀಗೆ ಸಾರಿದಾಗ ನಾನು ಕೈಯಲ್ಲಿದ್ದ ಸೌಟನ್ನು ಕೆಳಗಿಡಲಿಲ್ಲ. ಬೇಕಾಗಬಹುದು! ತುಮಕೂರಿನಲ್ಲಿ ಮದುವೆ ಮನೆಗಳಿಗೆ ಅಡುಗೆ ಮಾಡಿ ಒಯ್ಯುವುದು ನನ್ನ ಕಸುಬು. ಯಜಮಾನರು ಪದ್ಮನಾಭಯ್ಯ, ನಿವೃತ್ತ ಫಿಸಿಕ್ಸ್ ಮೇಷ್ಟ್ರು. ಶಿಷ್ಯರು ಕೈತಪ್ಪಿದ ಮೇಲೆ ಅವರ ಪ್ರಯೋಗಗಳಿಗೆಲ್ಲ ಸಿಕ್ಕಿದ್ದು ನಮ್ಮ ಮುದಿ ಡೀಸೆಲ್ ಟೆಂಪೋ ಒಂದೇ, ಪಾಪ.

"ಇದು ನೈಟ್ರಸ್ ಆಕ್ಸೈಡ್. ರೇಸ್ ಕಾರಿಗೆ ಹಾಕ್ತಾರೆ. ಇಂಜಿನ್ ಬಿಸಿಗೆ ಒಡೆದು ಆಮ್ಲಜನಕ ಕೊಡುತ್ತೆ, ಇಂಧನ ಭರ್ಜರಿಯಾಗಿ ಉರಿಯುತ್ತೆ!" ಎಂದು ಸಿಲಿಂಡರ್ ತಟ್ಟಿದರು.

"ಇಂಧನ ಅಂದ್ರೆ ಡೀಸೆಲ್ ತಾನೆ?"

"ಡೀಸೆಲ್ ಯಾಕೆ? ಹೋಮದಲ್ಲಿ ಅಗ್ನಿಗೆ ಏನು ಹಾಕ್ತಾರೆ? ತುಪ್ಪ! ಒಂದು ಸೌಟು ಹಾಕಿದ್ರೆ ಹೇಗೆ ಭಗ್ ಅಂತ ಏಳ್ತಾನೆ, ನೋಡಿಲ್ವಾ? ಇಂಜಿನ್ನಲ್ಲಿರೋನೂ ಅವನೇ! ಜೊತೆಗೆ ಈ ಗ್ಯಾಸು ಜಿಡ್ಡಿನಲ್ಲಿ ಚೆನ್ನಾಗಿ ಕರಗುತ್ತೆ."

ಇಂಜಿನ್ನಿಗೆ ತುಪ್ಪ ಸುರಿದು, ಹತ್ತಿ ಕೂತು ಗ್ಯಾಸಿನ ಗುಂಡಿ ಒತ್ತಿದರು. ಟೆಂಪೋ ಒಮ್ಮೆ ತೇಗಿತು. ಮರುಕ್ಷಣ ಅಂಗಳದಲ್ಲಿ ಟೆಂಪೋ ಇಲ್ಲ, ಯಜಮಾನರೂ ಇಲ್ಲ! ಓಡಿಹೋಗಿ ನೋಡಿದರೆ, ಪಕ್ಕದ ಮನೆಯ ಸುಬ್ಬಲಕ್ಷ್ಮಮ್ಮ ಒಣಹಾಕಿದ್ದ ಒಂಬತ್ತು ಗಜದ ಸೀರೆಯನ್ನು ಉಟ್ಟುಕೊಂಡು ಟೆಂಪೋ ಸರ್ಕಲ್ಲಿನಲ್ಲಿ ನಿಂತಿತ್ತು.

"ನಾಡಿದ್ದು ಮೃದುಲನ ಮದುವೆ. ಅಷ್ಟರೊಳಗೆ ಇದನ್ನ ಕಿತ್ತು ಬಿಸಾಡಿ!" ಎಂದು ನಾನು ಕೂಗಾಡಿದೆ.

ಮೃದುಲಾ ನಮ್ಮಕ್ಕನ ಮಗಳು. ತಾಯಿಯಿಲ್ಲದ ಹುಡುಗಿ, ನನ್ನ ಕೈಯಲ್ಲೇ ಬೆಳೆದವಳು. ಅವಳಿಗೆ ಮಾವನಾಗಿ ಬರುವ ಚಕ್ರಪಾಣಿರಾಯರು ನಕ್ಕಿದ್ದನ್ನು ಕಂಡವರಿಲ್ಲ. ನಿಶ್ಚಿತಾರ್ಥದಲ್ಲಿ ಕಾಫಿ ಆರಿತ್ತೆಂದು ಮುನಿಸು, ಹೊಸದು ತಂದರೆ ಬಾಯಿ ಸುಟ್ಟಿತೆಂದು ಮುನಿಸು! ಆ ಮುನಿಸೆಲ್ಲ ನಾಳೆ ನಮ್ಮ ಹುಡುಗಿಯ ಮೇಲೆ ತಿರುಗಿದರೆ? ನನ್ನ ಭಯ ಅದೊಂದೇ.

ಮದುವೆ ದೇವರಾಯನದುರ್ಗದ ಬೆಟ್ಟದ ಛತ್ರದಲ್ಲಿ. ಬೆಳಗ್ಗೆ ಅಡುಗೆ ತುಂಬಿಕೊಂಡು ಹೊರಟ ಟೆಂಪೋ ಅರ್ಧ ಬೆಟ್ಟದಲ್ಲಿ ಮೊಂಡು ಹಿಡಿದು ನಿಂತಿತು. ಅಷ್ಟರಲ್ಲಿ ಮೃದುಲನ ಅಪ್ಪ, ನಮ್ಮ ಭಾವನ ಫೋನು. "ಎಲ್ಲಿದ್ದೀಯಮ್ಮಾ? ಧಾರೆಗೆ ಹೊತ್ತಾಯ್ತು. ಊಟದ ಗಾಡಿ ಬಂದಿಲ್ಲ ಅಂತ ಬೀಗರು ಆಗ್ಲೇ ಮುಖ ಊದಿಸ್ಕೊಂಡಿದ್ದಾರೆ!"

ನಾನು ಯಜಮಾನರ ಮುಖ ನೋಡಿದೆ. "ರೀ, ಆ ಸಿಲಿಂಡರ್ ತೆಗೆದ್ರಿ ತಾನೆ?"

"ತೆಗೀಬೇಕು ಅಂತಲೇ ಇದ್ದೆ..."

"ಒತ್ತ್ರೀ ಗುಂಡೀನ!"

ಅವರು ಹಿಂದೆ ಹೋಗಿ ಪಾತ್ರೆಗಳ ನಡುವೆ ಏನೋ ತಡಕಾಡಿ ಬಂದು ಗುಂಡಿ ಒತ್ತಿದರು. ಅಬ್ಬಬ್ಬಾ! ತಿರುವುಗಳು ಬಂದದ್ದೂ ಗೊತ್ತಿಲ್ಲ, ಹೋದದ್ದೂ ಗೊತ್ತಿಲ್ಲ. ಘಮಘಮಿಸುವ ಹೊಗೆಗೆ ದಾರಿಯಲ್ಲಿದ್ದವರು ಎಲ್ಲೋ ಹೋಮ ನಡೆಯುತ್ತಿದೆಯೆಂದು ಕೈಮುಗಿದರು. ಕೋತಿಗಳು ಮಾತ್ರ ಟೆಂಪೋದ ಹಿಂದೆಯೇ ಓಡಿದವು. ಧಾರೆಗೆ ಸರಿಯಾಗಿ ತಲುಪಿ, ಮಾಂಗಲ್ಯ ಕಟ್ಟುವುದನ್ನು ಕಣ್ತುಂಬ ನೋಡಿದೆ. ಯಜಮಾನರ ಮೇಲೆ ಪ್ರೀತಿಯೇ ಉಕ್ಕಿತು!

ಆ ಪ್ರೀತಿ ಪಂಕ್ತಿ ಹಾಕುವವರೆಗೆ ಇತ್ತು. ಅನ್ನ, ತೊವ್ವೆ ಬಡಿಸಿ ತುಪ್ಪದ ಡಬ್ಬದ ಮುಚ್ಚಳ ತೆಗೆದರೆ 'ಟುಸ್ಸ್' ಎಂದಿತು. ತುಪ್ಪ ನೊರೆನೊರೆಯಾಗಿ ಮೇಲೆದ್ದಿತು.

"ರೀ, ಏನ್ರೀ ಇದು?"

"ಇಂಜಿನ್ನಿನ ತುಪ್ಪ ದಾರೀಲಿ ಮುಗಿದುಹೋಗಿತ್ತು ಕಣೇ. ಊಟದ ಡಬ್ಬಕ್ಕೇ ಗ್ಯಾಸ್ ಬಿಟ್ಟು, ಅಲ್ಲಿಂದ ಇಂಜಿನ್ನಿಗೆ ಕೊಳವೆ ಹಾಕಿದೆ. ಏನೂ ಆಗಲ್ಲ, ಹಲ್ಲಿನ ಡಾಕ್ಟ್ರು ಕೊಡೋ ಗ್ಯಾಸೇ ಇದು. ಒಂಚೂರು... ನಗು ಬರುತ್ತೆ, ಅಷ್ಟೆ."

ಎಲೆಗೆ ತುಪ್ಪ ಬೀಳದೆ ನಮ್ಮ ಪಂಕ್ತಿಯಲ್ಲಿ ಯಾರೂ ಅನ್ನಕ್ಕೆ ಕೈಹಾಕುವುದಿಲ್ಲ. ಮೊದಲ ಎಲೆಯ ಮುಂದೆ ಕೂತಿದ್ದ ಚಕ್ರಪಾಣಿರಾಯರು ಗುಡುಗಿದರು: "ಏನು, ಈ ಮನೇಲಿ ತುಪ್ಪಕ್ಕೂ ಗತಿಯಿಲ್ವೋ?"

ಬಡಿಸದಿದ್ದರೆ ಮುನಿಸು ಖಂಡಿತ. ಬಡಿಸಿದರೆ ದೇವರೇ ಗತಿ. ಕಣ್ಣುಮುಚ್ಚಿ ಎಲೆಗೆ ಅರ್ಧರ್ಧ ಚಮಚ ಹಾಕಿಸಿಬಿಟ್ಟೆ.

ಎರಡನೇ ತುತ್ತಿಗೆ ರಾಯರ ಮೀಸೆ ನಡುಗಿತು. ಮೂರನೆಯದಕ್ಕೆ 'ಕಿಕ್' ಎಂಬ ಸದ್ದು. ಆಮೇಲೆ ಕೋಸಂಬರಿಯನ್ನು ಬೆರಳಿನಲ್ಲಿ ತೋರಿಸಿ, "ಅಯ್ಯೋ, ಹೆಸರುಬೇಳೆ!" ಎಂದು ಹೊಟ್ಟೆ ಹಿಡಿದುಕೊಂಡು ನಗತೊಡಗಿದರು! ಪಂಕ್ತಿಗೆ ಪಂಕ್ತಿಯೇ ಹೊರಳಾಡಿತು. ಪುರೋಹಿತರು ಆಶೀರ್ವಾದದ ಮಂತ್ರ ಶುರುಮಾಡಿ ಪ್ರತಿಸಲವೂ ಅರ್ಧದಲ್ಲೇ ಸೋತರು.

ಹೆಣ್ಣು ಒಪ್ಪಿಸುವ ಹೊತ್ತಿಗೂ ನಗು ಇಳಿದಿರಲಿಲ್ಲ. ನಾನು ಅಳುತ್ತಾ ಮೃದುಲನ ಕೈಯನ್ನು ರಾಯರ ಕೈಗಿಟ್ಟೆ. ಸುತ್ತಲೂ ನಿಂತವರೆಲ್ಲ ಕೇಕೆ ಹಾಕಿ ನಕ್ಕರು!

"ಮಗಳ ಹಾಗೆ... ಹಿಹ್ಹಿಹ್ಹಿ... ನೋಡ್ಕೋತೀನಮ್ಮಾ!" ಎಂದರು ರಾಯರು, ಕಣ್ಣೀರು ಒರೆಸಿಕೊಳ್ಳುತ್ತಾ.

"ಚಿಕ್ಕಮ್ಮಾ, ಮಾವನೋರು ಎಷ್ಟು ಚೆನ್ನಾಗಿ ನಗ್ತಾರೆ!" ಎಂದು ಮೃದುಲಾ ನನ್ನ ಕಿವಿಯಲ್ಲಿ ಉಸುರಿದಳು. ಹುಡುಗಿಯ ಮುಖದಲ್ಲಿ ಹೆದರಿಕೆಯ ಸುಳಿವೂ ಇರಲಿಲ್ಲ. ನನ್ನ ಎದೆಯ ಭಾರ ಅಲ್ಲೇ ಇಳಿಯಿತು.

ದಿಬ್ಬಣದ ಬಸ್ಸು ಗೊಳ್ಳೆಂದು ನಗುತ್ತಾ ಹೊರಟಿತು. ನಾಲ್ಕು ಹೆಜ್ಜೆ ಹೋಗಿ ನಿಂತಿತು. ರಾಯರು ಕಿಟಕಿಯಿಂದ ತಲೆ ಹೊರಗೆ ಹಾಕಿ ಮುಖ ಗಂಟಿಕ್ಕಲು ಬಹಳ ಪ್ರಯತ್ನಪಟ್ಟರು.

"ಎಲ್ಲಾ ಸರಿಯಾಗಿತ್ತಮ್ಮ. ತುಪ್ಪ ಬಡಿಸೋದ್ರಲ್ಲಿ ಮಾತ್ರ ಜುಗ್ಗತನ ಮಾಡಿದ್ರಿ!"

ಎಷ್ಟಾದರೂ ಬೀಗರಲ್ಲವೇ!