ಡಾಕ್ಟ್ರ ಕಾರಿನ ಎಡಗಡೆ ಸೀಟು

ಫೆಬ್ರವರಿ ಎಂಟು, ಭಾನುವಾರ. ಮಂಡ್ಯದಲ್ಲಿ ಬೆಳಿಗ್ಗೆ ಮಂಜು. ಕಬ್ಬಿನ ಗದ್ದೆಗಳು ಅರ್ಧ ಮಾತ್ರ ಕಾಣುತ್ತಿದ್ದವು. ಎಂಟರ ಹೊತ್ತಿಗೆ ಬಿಸಿಲು ಬಂತು, ಗಾಳಿ ಇರಲಿಲ್ಲ.

ಹಳೇ ಕಾರಿನ ಓಟಕ್ಕೆ ಹೋಗುವವರ ಪಕ್ಕದಲ್ಲಿ ಕೂರುವವನಿಗೆ ಏನಾದರೊಂದು ಆಗುತ್ತಲೇ ಇರುತ್ತದೆ. ಕಾರು ನಿಂತರೂ ಆಗುತ್ತದೆ, ಓಡಿದರಂತೂ ಆಗಿಯೇ ಆಗುತ್ತದೆ. ಆ ಭಾನುವಾರವೂ ಆಯಿತು. ಅದಕ್ಕಿಂತ ಮೊದಲಿನವನ್ನು ಹೇಳಿ ಅಲ್ಲಿಗೆ ಬರುತ್ತೇನೆ.

ಆಯ್ಕೆ

ನಾನು ಮದ್ದೂರಿನಲ್ಲಿ ಇತಿಹಾಸ ಹೇಳುವ ಮೇಷ್ಟ್ರು. ಡಾಕ್ಟ್ರು ಅಂದರೆ ದನದ ಡಾಕ್ಟ್ರು. ಮದ್ದೂರು, ಮಳವಳ್ಳಿ ಕಡೆಯ ಕೊಟ್ಟಿಗೆಗಳನ್ನೆಲ್ಲ ಸುತ್ತಿ ನಿವೃತ್ತರಾದವರು. ಎಪ್ಪತ್ತು ದಾಟಿದೆ. ಬೆಂಗಳೂರಿನಲ್ಲಿ ಅವರ ಸ್ನೇಹಿತರೊಬ್ಬರ ಬಳಿ ಒಂದು ಕೆಂಪು ಕಾರಿತ್ತು. ಇಂಗ್ಲೆಂಡಿನಲ್ಲಿ ಮಾಡಿದ್ದು, ಎರಡೇ ಸೀಟು, ತಲೆಯ ಮೇಲೆ ಏನೂ ಇಲ್ಲ, ನನಗಿಂತ ವಯಸ್ಸಾದದ್ದು. ಸ್ನೇಹಿತರಿಗೆ ಅದನ್ನು ಒರೆಸಿ ಇಟ್ಟುಕೊಳ್ಳುವುದರಲ್ಲಿ ಆಸೆ, ಓಡಿಸುವುದಕ್ಕೆ ಭಯ. ಹಾಗಾಗಿ ವರ್ಷಕ್ಕೊಮ್ಮೆ ನಮ್ಮ ಕಡೆ ನಡೆಯುವ ಹಳೇ ಕಾರುಗಳ ಓಟಕ್ಕೆ ಡಾಕ್ಟ್ರ ಕೈಗೆ ಕೊಡುತ್ತಿದ್ದರು.

ಓಟ ಅಂದರೆ ಎಲ್ಲ ಒಟ್ಟಿಗೆ ನುಗ್ಗುವುದಲ್ಲ. ಒಂದೊಂದೇ ಕಾರನ್ನು ಬಿಡುತ್ತಾರೆ. ಮಂಡ್ಯದಿಂದ ಮದ್ದೂರು, ಅಲ್ಲಿಂದ ಮಳವಳ್ಳಿ, ತಿರುಗಿ ಮಂಡ್ಯ. ನಡುನಡುವೆ ಗಡಿಯಾರದವರು ಕೂತಿರುತ್ತಾರೆ. ಅವರ ಬಳಿಗೆ ಬೇಗ ಬಂದರೂ ತಪ್ಪು, ತಡವಾದರೂ ತಪ್ಪು. ಮಳವಳ್ಳಿಯ ಆಚೆ ಒಂದು ತುಂಡು ರಸ್ತೆಯನ್ನು ಮಾತ್ರ ಪೊಲೀಸರು ಖಾಲಿ ಮಾಡಿಸಿಕೊಡುತ್ತಾರೆ. ಅಲ್ಲಿ ವೇಗವೇ ಎಲ್ಲ. ಡಾಕ್ಟ್ರು ವರ್ಷವಿಡೀ ಬದುಕುತ್ತಿದ್ದದ್ದು ಆ ತುಂಡಿಗಾಗಿ.

ದಾರಿ ಹೇಳಲು, ಗಡಿಯಾರ ನೋಡಲು ಎಡಗಡೆ ಸೀಟಿಗೆ ಒಬ್ಬರು ಬೇಕು. ನಾನು ಅವರ ಮನೆಗೆ ಯಾವುದೋ ಪುಸ್ತಕ ವಾಪಸ್ಸು ಕೊಡಲು ಹೋಗಿದ್ದಾಗ ಕೇಳಿದರು.

"ಮೇಷ್ಟ್ರೇ, ನೀವು ದಾರೀಲಿ ಮಾತಾಡ್ತೀರಾ?"

ಏನು ಹೇಳಬೇಕೆಂದು ಯೋಚಿಸುತ್ತಾ ನಿಂತೆ. ಅವರು ಸ್ವಲ್ಪ ಹೊತ್ತು ಕಾದರು.

"ಆಯ್ತು ಬುಡಿ. ನೀವೇ."

ಮನೆಯಲ್ಲಿ ಹೇಳಿದೆ. ನನ್ನ ಹೆಂಡತಿ ಸೊಪ್ಪು ಬಿಡಿಸುತ್ತಿದ್ದಳು. "ಇಷ್ಟು ವರ್ಷ ಬಾಯಿ ಮುಚ್ಕೊಂಡಿದ್ದಕ್ಕೆ ಅಂತೂ ಒಂದು ಕೆಲಸ ಸಿಕ್ತು," ಅಂದಳು.

ಹಸು

ಆ ಸೀಟಿನಲ್ಲಿ ಕೂತರೆ ಕೈ ಚಾಚಿ ರಸ್ತೆ ಮುಟ್ಟಬಹುದು. ಎತ್ತಿನ ಗಾಡಿ ಎದುರಾದರೆ ಎತ್ತು ನಮ್ಮನ್ನು ಕೆಳಗೆ ನೋಡುತ್ತದೆ. ಕಬ್ಬಿನ ಟ್ರ್ಯಾಕ್ಟರು ಪಕ್ಕಕ್ಕೆ ಬಂದರೆ ಹಗಲಲ್ಲೇ ಕತ್ತಲು. ನನಗೆ ಅದೆಲ್ಲ ಬಹಳ ಇಷ್ಟವಾಗಿತ್ತು. ಯಾರಿಗೂ ಹೇಳಲಿಲ್ಲ.

ಮೊದಲ ವರ್ಷ ಮದ್ದೂರು ದಾಟಿ ಚೆನ್ನಾಗಿ ಹೋಗುತ್ತಿದ್ದೆವು. ರಸ್ತೆ ನಡುವೆ ಒಬ್ಬ ಟವೆಲ್ ಬೀಸುತ್ತಾ ನಿಂತಿದ್ದ. ಓಟದವರು ನಿಲ್ಲಿಸಿದ ಕಾವಲಿನವನಿರಬೇಕು ಎಂದುಕೊಂಡೆ. ಡಾಕ್ಟ್ರು ಬ್ರೇಕು ಹಾಕಿದರು.

"ಡಾಕ್ಟ್ರೇ, ನೀವು ಈ ದಾರೀಲಿ ಬತ್ತೀರಿ ಅಂತ ಅಂದ್ರು. ನೆನ್ನೆಯಿಂದ ಅಸ ಮೇವು ಮುಟ್ನಿಲ್ಲ."

"ಲೋ, ನಾನು ರೇಸಲ್ಲಿದ್ದೀನಿ ಕಣ್ಲಾ."

"ಇರ್ಲಿ ಬುಡಿ, ಅದುನ್ನ ಆಮೇಲ್ ಓಡ್ಸೀರಂತೆ. ಅಸ ನೋಡ್ಬುಟ್ಟು ಓಗಿ."

ಡಾಕ್ಟ್ರು ನನ್ನ ಮುಖ ನೋಡಿದರು. ನಾನು ಗಡಿಯಾರ ನೋಡಿದೆ. ಅವರು ಇಳಿದು, ಗಾಳಿಗೆಂದು ಹಾಕಿದ್ದ ದೊಡ್ಡ ಕನ್ನಡಕವನ್ನು ಹಣೆಗೆ ಏರಿಸಿ ಹೋದರು. ವಾಪಸ್ಸು ಬಂದಾಗ ತೋಳಿನವರೆಗೂ ಸೆಗಣಿ, ಮುಖದಲ್ಲಿ ಸಮಾಧಾನ. ಆ ಮನೆಯವರು ಕೊಟ್ಟ ಹಾಲಿನ ಕ್ಯಾನನ್ನು ನನ್ನ ತೊಡೆಯ ಮೇಲಿಟ್ಟರು.

ಮಳವಳ್ಳಿಯಲ್ಲಿ ಗಡಿಯಾರ ಹಿಡಿದಿದ್ದ ಬೆಂಗಳೂರಿನ ಯುವತಿ ಕೇಳಿದಳು: "ಇಷ್ಟು ಲೇಟು? ಏನು ತೊಂದರೆ?"

"ಹೊಟ್ಟೆ ಉಬ್ಬರ," ಅಂದರು ಡಾಕ್ಟ್ರು.

ಅವಳು ಗಾಬರಿಯಾಗಿ, ನೀರಿನ ಬಾಟಲಿ ಕೊಟ್ಟು, ಅವರನ್ನು ಮರದ ನೆರಳಿನಲ್ಲಿ ಮಲಗಿಸಿ, ನಮ್ಮ ಬಳಿ ಉಳಿದಿದ್ದ ಹೊತ್ತನ್ನೂ ಕಳೆದಳು.

ಗೆಜ್ಜಲಗೆರೆ

ಕಾರು ಕೆಟ್ಟರೆ ಡಾಕ್ಟ್ರು ಮೊದಲು ತೆಗೆಯುವುದು ಸ್ಪ್ಯಾನರಲ್ಲ, ಸ್ಟೆತಾಸ್ಕೋಪು. ಇಂಜಿನ್ನಿನ ಪಕ್ಕೆಗೆ ಇಟ್ಟು ಕಣ್ಣು ಮುಚ್ಚಿ ಕೇಳುತ್ತಾರೆ. "ಉಸಿರಾಟ ಪರವಾಗಿಲ್ಲ," ಎಂದೋ "ಜ್ವರ ಐತೆ," ಎಂದೋ ಹೇಳುತ್ತಾರೆ. ಒಂದು ವರ್ಷ ಗೆಜ್ಜಲಗೆರೆ ಹತ್ತಿರ ಸರ್ವಿಸ್ ರಸ್ತೆಯಲ್ಲಿ ಕಾರು ನಿಂತಿತು. ಅವರು ಬಹಳ ಹೊತ್ತು ಕೇಳಿದರು. ಕಿವಿಯಿಂದ ತೆಗೆದು ಕುತ್ತಿಗೆಗೆ ಹಾಕಿಕೊಂಡು, ದನದ ಮನೆಯವರಿಗೆ ಹೇಳುವ ದನಿಯಲ್ಲಿ, "ಕಷ್ಟ ಮೇಷ್ಟ್ರೇ," ಅಂದರು.

ಅಷ್ಟರಲ್ಲಿ ಪಕ್ಕದ ಕಾರ್ಖಾನೆಯೊಂದರ ಪಾಳಿ ಬಿಟ್ಟಿತು. ಬಸ್ಸಿಗೆ ಹೊರಟವರೆಲ್ಲ ಸುತ್ತ ನಿಂತರು.

"ಏನಾಯ್ತು ಸಾರ್?"

"ಏನೂ ಇಲ್ಲ, ವಸಿ ಪಕ್ಕಕ್ಕೆ ತಳ್ಳಿ ಸಾಕು."

ಅವರು ತಳ್ಳಿದರು. ಪಕ್ಕಕ್ಕಲ್ಲ, ಮುಂದಕ್ಕೆ. ಹಗುರವಾದ ಕಾರು, ತಳ್ಳಿದಷ್ಟೂ ಹೋಗುತ್ತದೆ ಎಂದು ಗೊತ್ತಾದ ಮೇಲೆ ಅವರಿಗೆ ಬಿಡಲು ಮನಸ್ಸು ಬರಲಿಲ್ಲ. ದಣಿದವರು ಬಿಟ್ಟರೆ ಹಿಂದಿನವರು ಕೈಹಾಕಿದರು. "ಲೇ, ನೀನು ಬುಡ್ಲಾ, ನಂಗೂ ಕೊಡು," ಅಂತ ಜಗಳ. ಡಾಕ್ಟ್ರು ನೆಟ್ಟಗೆ ಕೂತು ಸ್ಟೀರಿಂಗು ಹಿಡಿದಿದ್ದರು. ಊರು ದಾಟಿದ ಮೇಲೆ ಶಾಮಿಯಾನದ ಕೆಳಗೆ ಗಡಿಯಾರದವರು ಕೂತಿದ್ದರು. ಅವರ ಮುಂದಿನ ಗೆರೆಯನ್ನೂ ದಾಟಿಸಿ, ನಮ್ಮಿಬ್ಬರ ಕೈ ಕುಲುಕಿ, ಬಸ್ಸು ಹೋಯಿತೆಂದು ಬೈದುಕೊಂಡು ಅವರೆಲ್ಲ ಹೊರಟುಹೋದರು.

ದಾರಿಯಲ್ಲಿ ಹಸು ಅಡ್ಡ ಬರದಿದ್ದರೆ ಡಾಕ್ಟ್ರು ಯಾವಾಗಲೂ ಬೇಗ ಬಂದು ಅಂಕ ಕಳೆದುಕೊಳ್ಳುವವರು. ಸರಿಯಾದ ಹೊತ್ತಿಗೆ ನಾವು ಗೆರೆ ಮುಟ್ಟಿದ್ದು ಅದೊಂದೇ ಸಲ. ಆ ವರ್ಷ ಸಂಯಮದ ಚಾಲನೆಗೆ ಅವರಿಗೆ ಒಂದು ಫ್ಲಾಸ್ಕು ಬಹುಮಾನವಾಗಿ ಬಂತು.

ಕಾವು

ಇಷ್ಟೆಲ್ಲ ಆದರೂ ಡಾಕ್ಟ್ರ ಮನಸ್ಸು ಆ ಕೆಂಪು ಕಾರಿನಲ್ಲಿರಲಿಲ್ಲ. ಅದು ಇದ್ದದ್ದು ಎರಡೇ ಸೀಟಿನ ಇನ್ನೊಂದು ಹಸಿರು ಕಾರಿನಲ್ಲಿ.

ಮಳವಳ್ಳಿಯಿಂದ ಮುತ್ತತ್ತಿಗೆ ಹೋಗುವ ದಾರಿಯ ಒಂದು ಊರು. ಡಾಕ್ಟ್ರು ಹೊಸದಾಗಿ ಕೆಲಸಕ್ಕೆ ಬಂದಿದ್ದ ಕಾಲ. ಎಮ್ಮೆ ಈಯಲು ಕಷ್ಟಪಡುತ್ತಿದೆ ಎಂದು ಕರೆದರು. ಕರು ಎಳೆದು ಹಾಕಿ ಕೈ ತೊಳೆಯಲು ತಿರುಗಿದಾಗ ಹುಲ್ಲಿನ ರಾಶಿಯೊಳಗೆ ದುಂಡನೆಯ ಒಂದು ದೀಪ ಕಂಡಿತಂತೆ. ಹುಲ್ಲು ಸರಿಸಿದರು. ಇನ್ನೊಂದು ದೀಪ. ಇನ್ನೂ ಸರಿಸಿದರು. "ಕರು ಗಂಡೋ ಹೆಣ್ಣೋ ಮರ್ತೋಗಿದೆ ಮೇಷ್ಟ್ರೇ," ಅನ್ನುತ್ತಿದ್ದರು. "ಆ ಬಾನೆಟ್ಟು ಮರ್ತಿಲ್ಲ."

ಆ ಮನೆಯ ಯಜಮಾನರು ಇಲ್ಲಿದ್ದ ಇಂಗ್ಲಿಷ್ ದೊರೆಯೊಬ್ಬ ತನ್ನ ದೇಶಕ್ಕೆ ಹೊರಟಾಗ ಅವನಿಂದ ಕೊಂಡಿದ್ದ ಕಾರು. ಅವರು ತೀರಿಕೊಂಡ ದಿನದಿಂದ ಕೊಟ್ಟಿಗೆಯಲ್ಲಿ ನಿಂತಿತ್ತು. ಈಗ ಅದರ ಒಡತಿ ಅವರ ಹೆಂಡತಿ. ಎಂಬತ್ತರ ಆಸುಪಾಸಿನ ಅಜ್ಜಿ. ಡಾಕ್ಟ್ರು ನಿವೃತ್ತರಾದ ಮೇಲೂ ಯಾವುದಾದರೂ ನೆಪ ಮಾಡಿಕೊಂಡು ಅಲ್ಲಿಗೆ ಹೋಗುತ್ತಿದ್ದರು. ಆ ಮನೆಯ ಎಮ್ಮೆಗಳಷ್ಟು ಆರೋಗ್ಯವಾದ ಎಮ್ಮೆಗಳು ತಾಲ್ಲೂಕಿನಲ್ಲೇ ಇರಲಿಲ್ಲ.

ಒಂದು ಸಲ ನನ್ನನ್ನೂ ಕರೆದುಕೊಂಡು ಹೋದರು. ಕಾಫಿ ಆಯಿತು. ಡಾಕ್ಟ್ರು ಗಂಟಲು ಸರಿಮಾಡಿಕೊಂಡರು.

"ಅಮ್ಮ, ಆ ಗಾಡಿ ವಿಚಾರ..."

"ಮಾರಾಕಿಲ್ಲ ಕಣಪ್ಪ."

"ಬೆಲೆ ನೀವೇ ಹೇಳಿ."

"ಓದ್ ತಿಂಗ್ಳು ಬೆಂಗ್ಳೂರಿಂದ ಒಬ್ಬ ಬಂದಿದ್ದ. ಏನೂ ಬರೀದೆ ಬರೀ ಸೈನ್ ಆಕಿದ್ ಚೆಕ್ಕು ಕೊಟ್ಟ. ಎಷ್ಟು ಬೇಕೋ ಬರ್ಕೊಳಿ ಅಜ್ಜಿ ಅಂದ. ಬರ್ಯಾಕೂ ಸೋಮಾರಿತನ ನೋಡು ಅವನ್ಗೆ."

ಡಾಕ್ಟ್ರು ಎದ್ದು ಕೊಟ್ಟಿಗೆಗೆ ಹೋಗಿ ಧೂಳು ತುಂಬಿದ ಕಾರಿನ ಬಲಗಡೆ ಕೂತರು. ನಾನು ಅಭ್ಯಾಸದಂತೆ ಎಡಗಡೆ ಕೂತೆ. ಟೈರು ನೆಲಕ್ಕೆ ಅಂಟಿತ್ತು. ಅವರು ಸ್ಟೀರಿಂಗಿನ ಮೇಲೆ ಎರಡೂ ಕೈಯಿಟ್ಟು ಎದುರಿನ ಗೋಡೆಯನ್ನೇ ನೋಡುತ್ತಿದ್ದರು. ಗೇರು ಹಾಕಿದರು, ತೆಗೆದರು. ನಾನೂ ಗೋಡೆ ನೋಡಿದೆ. ಅಲ್ಲಿ ಒಂದು ರಸ್ತೆ ಇದ್ದಹಾಗೆಯೇ ಇತ್ತು. ಡಾಕ್ಟ್ರು ಮೆಲ್ಲಗೆ, "ಮಳವಳ್ಳಿ ಆಚೆ ತುಂಡಲ್ಲಿ ಒಂದೇ ಒಂದು ಸಲ ಇದನ್ನ ಬಿಡ್ಬೇಕು ಮೇಷ್ಟ್ರೇ. ಆಮೇಲೆ ಲೈಸೆನ್ಸು ಬೇಕಾದ್ರೆ ಕಿತ್ಕೊಳ್ಳಿ," ಅಂದರು.

ಅಜ್ಜಿ ಬಾಗಿಲಲ್ಲಿ ನಿಂತು ನಮ್ಮಿಬ್ಬರನ್ನೂ ನೋಡುತ್ತಿದ್ದರು. ನನ್ನನ್ನು ಇನ್ನೂ ಸ್ವಲ್ಪ ಹೆಚ್ಚು ನೋಡಿದ ಹಾಗಿತ್ತು.

"ಆಯ್ತಾ ಡಾಕ್ಟ್ರೇ? ಇಳೀರಿ ಇನ್ನ. ಕೋಳಿ ಕಾವಿಗೆ ಕೂರ್ಬೇಕು."

ಸೈಟು

ಹೋದ ವರ್ಷ ಬೆಂಗಳೂರಿನ ಸ್ನೇಹಿತರು ಕೆಂಪು ಕಾರನ್ನು ಮಾರಿಬಿಟ್ಟರು. ಸಂಜೆ ವಾಕಿಂಗಿಗೆ ಹೋಗುವಾಗ ಡಾಕ್ಟ್ರ ಬಲಗಾಲು ಆಕ್ಸಿಲರೇಟರು ಒತ್ತಿದ ಹಾಗೆ ನೆಲ ಒತ್ತುತ್ತಾ ನಡೆಯುತ್ತಿತ್ತು.

ದೀಪಾವಳಿ ಕಳೆದು ಫೋನು ಬಂತು. "ಗಾಡಿ ಕೊಟ್ರು," ಅಂದರು. ಅಷ್ಟೇ.

ಹಸಿರು ಕಾರನ್ನು ಟ್ರ್ಯಾಕ್ಟರಿನ ಟ್ರೈಲರಿನ ಮೇಲೆ ಹೇರಿ ಮದ್ದೂರಿನ ಒಂದು ಶೆಡ್ಡಿಗೆ ತಂದರು. ಮೆಕ್ಯಾನಿಕ್ಕು ಸೀಟಿನ ಕೆಳಗಿಂದ ಮೊಟ್ಟೆ ಚಿಪ್ಪು ತೆಗೆದು ತೆಗೆದು ಸಾಕಾಗಿ, "ಸಾರ್, ಇದು ಕಾರಾ, ಕೋಳಿ ಫಾರಮ್ಮಾ?" ಅಂದ. ಭಾನುವಾರ ಭಾನುವಾರ ನಾನೂ ಹೋಗಿ ಕೂತೆ. ಇಂಜಿನ್ನು ಬಿಚ್ಚಿ ಕಟ್ಟಿದರು. ಎಡಗಡೆ ಸೀಟಿಗೆ ಹೊಸ ಚರ್ಮ ಹಾಕಿಸಿದರು. ಅದರ ಬಣ್ಣ ಆರಿಸುವಾಗ ನನ್ನನ್ನು ಕೇಳಲಿಲ್ಲವಲ್ಲ ಎಂದು ಸ್ವಲ್ಪ ಅನ್ನಿಸಿತು. ಕೇಳಿದ್ದರೆ ಕಂದು ಎನ್ನುತ್ತಿದ್ದೆ. ಅವರು ಹಾಕಿಸಿದ್ದೂ ಕಂದೇ.

"ಏನು ಕೊಟ್ರಿ ಸಾರ್ ಅಜ್ಜಿಗೆ?" ಎಂದು ಕೇಳಿದೆ.

"ಹೇಳ್ತೀನಿ ಬುಡಿ ಆಮೇಲೆ."

ಮುಂದಿನ ಭಾನುವಾರವೂ ಕೇಳಿದೆ. ಕಾರಿನ ಕೆಳಗೆ ತೂರಿಕೊಂಡರು.

ಮೈಸೂರಿನಿಂದ ಅವರ ಮಗಳು ನನಗೆ ಫೋನು ಮಾಡಿದಳು. "ಅಂಕಲ್, ನಿಜ ಹೇಳಿ. ಅಪ್ಪ ಮಂಡ್ಯದ ಸೈಟು ಮಾರಿದ್ರಾ?"

ಗೊತ್ತಿಲ್ಲವಮ್ಮ ಎಂದೆ. ಅವಳು ಅತ್ತಳು. ಮಾರನೆಯ ದಿನ ಮಂಡ್ಯಕ್ಕೆ ಹೋಗಿ ಸೈಟು ನೋಡಿ ಬಂದೆ. ಪಕ್ಕದ ಮನೆಯವರ ಎಮ್ಮೆ ಎಂದಿನಂತೆ ಅಲ್ಲೇ ಕಟ್ಟಿತ್ತು. ಮಗಳಿಗೆ ಫೋನು ಮಾಡಿ, "ಎಮ್ಮೆ ಇದೆ," ಅಂದೆ.

"ಅಯ್ಯೋ ದೇವರೇ," ಅಂದಳು. "ಎಮ್ಮೇನೂ ತಗೊಂಡ್ರಾ?"

ಕೊಟ್ಟದ್ದು

ಆ ಫೆಬ್ರವರಿ ಎಂಟರ ಬೆಳಿಗ್ಗೆ ಬೇಗ ಎದ್ದು ಮಂಡ್ಯಕ್ಕೆ ಹೋದೆ. ಹೊಸ ಟೋಪಿ ಹಾಕಿಕೊಂಡಿದ್ದೆ. ಜೇಬಿನಲ್ಲಿ ಗಡಿಯಾರ, ಎರಡು ಪೆನ್ಸಿಲು. ಮಂಜಿನಲ್ಲಿ ಕಾರುಗಳು ಸಾಲಾಗಿ ನಿಂತು ಹೊಗೆ ಬಿಡುತ್ತಿದ್ದವು. ಹಸಿರು ಕಾರಿನ ಸುತ್ತ ಜನ. ಅದನ್ನು ಶೆಡ್ಡಿನ ಹೊರಗೆ ಪೂರ್ತಿಯಾಗಿ ನೋಡಿದ್ದು ಅವತ್ತೇ. ನನ್ನಂಥವನೂ ಯಾರಿಗಾದರೂ ಏನಾದರೂ ಹೇಳಬೇಕು ಅನ್ನಿಸುವಷ್ಟು ಚೆನ್ನಾಗಿತ್ತು.

ಜನ ಸರಿಸಿಕೊಂಡು ಹೋಗಿ ಎಡಗಡೆಯ ಬಾಗಿಲಿಗೆ ಕೈಯಿಟ್ಟೆ.

ಸೀಟಿನಲ್ಲಿ ಅಜ್ಜಿ ಕೂತಿದ್ದರು. ಸೆರಗನ್ನು ಸೊಂಟಕ್ಕೆ ಬಿಗಿದು, ಕಿವಿ ಮುಚ್ಚುವಂತೆ ಮಫ್ಲರು ಸುತ್ತಿ, ಅದರ ಮೇಲೆ ಹೆಲ್ಮೆಟ್ಟು. ಬಾಯಲ್ಲಿ ಎಲೆಅಡಿಕೆ. ಓಟ ನಡೆಸುವವರ ಕಡೆಯ ಹುಡುಗನೊಬ್ಬ ಬಗ್ಗಿ ಅವರ ಜೊತೆ ಮಾತಾಡುತ್ತಿದ್ದ.

"ಅಜ್ಜಿ, ಈ ದಾರಿ ಚೀಟಿ ಓದೋಕೆ ಬರುತ್ತಾ ನಿಮಗೆ?"

"ಮಳವಳ್ಳಿಗೆ ಓಗಾಕೆ ಚೀಟಿ ಯಾಕ್ಲಾ?"

"ಎಡಕ್ಕೆ, ಬಲಕ್ಕೆ ಅಂತ ಹೇಳ್ತಾ ಇರಬೇಕು ಅಜ್ಜಿ."

"ಯೋಳ್ತೀನಿ ಬುಡು. ಇಡೀ ಜಲ್ಮ ಎತ್ತುಗೊಳ್ಗೆ ಅದ್ನೇ ಯೋಳಿವ್ನಿ."

ಹುಡುಗ ಚೀಟಿ ಅವರ ಮಡಿಲಲ್ಲಿಟ್ಟು ಹೋದ. ಅಜ್ಜಿ ಅದರಲ್ಲಿ ಸುಣ್ಣದ ಬೆರಳು ಒರೆಸಿಕೊಂಡರು. ಡ್ಯಾಶ್‌ಬೋರ್ಡಿನ ಗಾಜುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. ಯಾರಿಗೆಂದು ಇಲ್ಲದೆ, "ನಮ್ಮೆಜಮಾನ್ರು ಒಂದಿನಾನೂ ಕೂರಿಸ್ನಿಲ್ಲ ಇದ್ರಾಗೆ," ಅಂದರು. "ಒಬ್ರೇ ಓಗೋರು, ಒಬ್ರೇ ಬರೋರು. ನಾನು ಜಗಲಿ ಮ್ಯಾಲೆ ನಿಂತ್ಕಂಡು ಸದ್ದು ಕೇಳ್ತಿದ್ದೆ. ಊರಾಚೆ ಸೇತ್ವೆ ದಾಟಾಗಂಟ ಕೇಳೋದು. ಆಮೇಲೆ ಕೇಳ್ತಿರ್ನಿಲ್ಲ."

ಆಮೇಲೆ ತಲೆಯೆತ್ತಿ ನನ್ನನ್ನೂ, ಬಾಗಿಲ ಮೇಲಿನ ನನ್ನ ಕೈಯನ್ನೂ ನೋಡಿದರು.

"ಇವ್ರ್ಯಾರು ಡಾಕ್ಟ್ರೇ?"

ಇಂಜಿನ್ನು ಶುರುವಾಗಿಯೇ ಇತ್ತು. ಡಾಕ್ಟ್ರು ಮತ್ತೊಮ್ಮೆ ಶುರು ಮಾಡಲು ಹೋದರು. ನಾನು ಬಾಗಿಲಿನಿಂದ ಕೈ ತೆಗೆದು ಡಾಕ್ಟ್ರ ಕಡೆಗೆ ಸುತ್ತಿಬಂದೆ.

"ಕೊನೆಗೆ ಏನು ಕೊಟ್ರಿ ಸಾರ್?"

ಎದುರಿಗೆ ಬಾವುಟ ಎತ್ತುತ್ತಿದ್ದರು. ಡಾಕ್ಟ್ರು ಹಣೆಯ ಮೇಲಿನ ಕನ್ನಡಕವನ್ನು ಕಣ್ಣಿಗೆ ಇಳಿಸಿಕೊಂಡು ರಸ್ತೆಯನ್ನೇ ನೋಡುತ್ತಾ ಹೇಳಿದರು.

"ದುಡ್ಡು ಮುಟ್ಟಲ್ಲ ಅಂದ್ಬುಟ್ರು ಕಣ್ರೀ. ನಿಮ್ ಸೀಟು ಕೊಟ್ಟೆ."