ಸೊಸೆಗೆ ಸಿಕ್ಕ ಪಾತ್ರ

ಶಿಸ್ತು ಬಿಡದ ಮನುಷ್ಯನ ಸುತ್ತಲೇ ನಗುವಂಥ ಸಂಗತಿಗಳು ಯಾಕೆ ಮುತ್ತಿಕೊಳ್ಳುತ್ತವೋ ಗೊತ್ತಿಲ್ಲ. ನನಗಂತೂ ಅವು ಒಂದು ವಾರವೂ ತಪ್ಪುವುದಿಲ್ಲ. ಫೌಂಡ್ರಿಯಲ್ಲಿ ಎರಕದ ದೋಷ ಹುಡುಕುವುದೇ ನನ್ನ ಕೆಲಸವಾಗಿತ್ತು. ನಿವೃತ್ತಿಯಾದ ಮೇಲೆ ಆ ಕಣ್ಣು ಮನೆಯವರ ಮೇಲೆ ಬಿತ್ತು. ಅಷ್ಟರಲ್ಲಿ ಪೀರನವಾಡಿಯ ನಮ್ಮ ಮನೆಗೆ ಖಾನಾಪುರದಿಂದ ಸೊಸೆ ಬಂದಳು. ತಿಂಗಳುಗಳು ಕಳೆದರೂ ನನ್ನೆದುರು ಅವಳ ಬಾಯಿಂದ ಬಂದದ್ದು "ಹೂಂ ರೀ ಮಾವ" ಅಷ್ಟೇ.

ಒಂದು ದಿನ ಮಗ ಕೇಳಿಯೇ ಬಿಟ್ಟ: "ಅಪ್ಪಾ, ಆಕಿ ನಿಮಗ ಅಂಜತಾಳ. ಈ ಮನಿ ತನ್ನದು ಅಂತ ಆಕಿಗೆ ಅನಸೂದು ಯಾವಾಗ?"

ಉತ್ತರಕ್ಕೆ ಕಾಯದೆ ಅವನೇ ಟಿವಿಗೆ ಒಂದು ಆಟ ಜೋಡಿಸಿದ.

ಖರೇ ಉತ್ತರ

ಟಿವಿಯಲ್ಲಿ ಒಂದು ಪ್ರಶ್ನೆ ಬರುತ್ತದೆ. ಎಲ್ಲರೂ ತಮ್ಮ ತಮ್ಮ ಫೋನಿನಲ್ಲಿ ತಮಾಷೆಯ ಉತ್ತರ ಬರೆಯಬೇಕು. ಉತ್ತರಗಳು ಹೆಸರಿಲ್ಲದೆ ಟಿವಿಯಲ್ಲಿ ಮೂಡುತ್ತವೆ. ಹೆಚ್ಚು ನಗಿಸಿದ್ದಕ್ಕೆ ಓಟು.

ಮೊದಲ ಪ್ರಶ್ನೆ: "ಮದುವೆ ಊಟಕ್ಕೆ ಹೋಗುವಾಗ ಕಿಸೆಯಲ್ಲಿ ಏನಿರಬೇಕು?" ನಾನು ಕಲಿತ ಕಾನ್ವೆಂಟಿನಲ್ಲಿ ಪ್ರಶ್ನೆ ಕೇಳಿದರೆ ಸತ್ಯ ಹೇಳಬೇಕಿತ್ತು. ಬರೆದೆ: "ಪಂಕ್ತಿ ತಡವಾದರೆ ಇರಲಿ ಎಂದು ಎರಡು ಚಪಾತಿ."

ಎಲ್ಲರೂ ಬಿದ್ದು ಬಿದ್ದು ನಕ್ಕರು. ಓಟೆಲ್ಲ ನನಗೇ. ಎದ್ದು ನಿಂತು ಹೇಳಿದೆ: "ಇದು ಹಾಸ್ಯ ಅಲ್ಲ. ನಾ ಖರೇನ ಒಯ್ತೇನಿ."

ಹೆಂಡತಿ ಕಣ್ಣೊರೆಸಿಕೊಂಡಳು. "ಗೊತ್ತೈತ್ರಿ. ಕಿಸೇದಾಗಿನ ಎಣ್ಣಿ ಕಲೆ ತೊಳ್ಯಾಕಿ ನಾನ ಅಲ್ಲೇನು?"

ಸೊಸೆ ಮಾತ್ರ ಫೋನಿನ ಮರೆಗೆ ಮುಖ ಇಟ್ಟುಕೊಂಡಳು.

ಗುಪ್ತ ಮತ

ಆಟಕ್ಕೆ ಬಂದಿದ್ದ ಬಾಜು ಮನೆಯ ಖಾಲಾಗೆ, ಅಂದರೆ ಓಣಿಗೆಲ್ಲ ಚಿಕ್ಕಮ್ಮನಂತಿರುವಾಕೆಗೆ, ಫೋನಿನಲ್ಲಿ ಬರೆಯಲು ಬಾರದು. ಬಾಯಲ್ಲಿ ಹೇಳಿದರೆ ಫೋನೇ ಬರೆದುಕೊಳ್ಳುತ್ತದೆ ಎಂದು ಮಗ ಕಲಿಸಿಕೊಟ್ಟ. ಪ್ರಶ್ನೆ ಬಂತು: "ಗಂಡಸರು ಅಡಿಗೆಮನೆಗೆ ಬಂದರೆ ಮೊದಲು ಕೇಳುವುದೇನು?"

ಖಾಲಾ ಫೋನನ್ನು ತುಟಿಗೆ ಹಿಡಿದು ಇಡೀ ಓಣಿಗೆ ಕೇಳುವಂತೆ ಒದರಿದಳು: "ಉಪ್ಪಿನ ಡಬ್ಬಿ ಕೈಯಾಗ ಹಿಡ್ಕೊಂಡು, ಉಪ್ಪು ಎಲ್ಲೈತಿ ಅಂತಾರ!" ಆಮೇಲೆ ಸುತ್ತ ನೋಡಿದಳು. "ಯಾರಿಗೂ ಕೇಳಿಲ್ಲ ಹೌದಿಲ್ಲೋ? ಸೀಕ್ರೆಟ್ ಐತಿ ಮತ್ತ!"

"ನಿಯಮ ಅಂದ್ರ ನಿಯಮ. ಈ ಉತ್ತರ ರದ್ದು," ಎಂದೆ.

ಮೂಲೆಯಿಂದ ಸಣ್ಣ ದನಿ ಬಂತು: "ನನಗೇನೂ ಕೇಳಿಲ್ರೀ ಮಾವ."

ಸೊಸೆ ನನ್ನೊಂದಿಗೆ ಆಡಿದ ಮೊದಲ ಪೂರ್ಣ ವಾಕ್ಯ. ಅದೂ ಸುಳ್ಳು.

ಖಾನಾಪುರದಲ್ಲಿ

ಹೋದ ಭಾನುವಾರ ಬೀಗರ ಮನೆಯಲ್ಲಿ ಬೇರೆ ಆಟ. ಕೋಣೆಯಲ್ಲಿದ್ದವರಲ್ಲೇ ಒಬ್ಬರ ಹೆಸರು ಗುಟ್ಟಾಗಿ ಫೋನಿಗೆ ಬರುತ್ತದೆ. ಅವರಂತೆ ನಟಿಸಬೇಕು, ಉಳಿದವರು ಯಾರೆಂದು ತಮ್ಮ ಫೋನಿನಲ್ಲಿ ಒತ್ತಬೇಕು.

ಸೊಸೆಯ ಸರದಿ. ಫೋನು ನೋಡಿ ಮುಖ ಬಿಳಿಚಿತು. ಇಣುಕಿದ ಅವಳ ತಾಯಿ ಮರಾಠಿಯಲ್ಲಿ "ನಕೋ ಗ, ನಕೋ!" ಎಂದು ಬೇಡವೆನ್ನುತ್ತ ಸೆರಗು ಜಗ್ಗಿದಳು. ಏನೂ ತಿಳಿಯದ ಬೀಗರು "ಚಾಲೂ ಕರ!" ಎಂದು ಶುರು ಮಾಡಲು ಹೇಳಿ ಚಪ್ಪಾಳೆ ತಟ್ಟಿದರು. ಮಗ ಮೆಲ್ಲಗೆ, "ಮಾಡು," ಎಂದ.

ಅವಳು ಎದ್ದಳು. ಕೈ ಹಿಂದೆ ಕಟ್ಟಿ, ಗೋಡೆಯ ಗಡಿಯಾರ ನೋಡಿ, ಕೈಗಡಿಯಾರ ಇದ್ದಂತೆ ಮುಂಗೈ ನೋಡಿಕೊಂಡಳು. "ಈ ಗಡಿಯಾರ ಎರಡ ನಿಮಿಷ ಮುಂದ ಐತಿ. ಇದರ ಜವಾಬ್ದಾರಿ ಯಾರದು?" ಆಮೇಲೆ ಬಾಗಿಲಿಗೆ ಹೋಗಿ, ಬಾಗಿ, ಅಡ್ಡಾದಿಡ್ಡಿ ಬಿದ್ದಿದ್ದ ಒಂದು ಜೊತೆ ಚಪ್ಪಲಿಯನ್ನು ಗೋಡೆಗೆ ನೆಟ್ಟಗೆ ಜೋಡಿಸಿಟ್ಟಳು.

ಎಲ್ಲರಿಗೂ ಗೊತ್ತಾಗಿತ್ತು. ಒಬ್ಬರ ಬೆರಳೂ ಅಲುಗಲಿಲ್ಲ. ಟಿವಿಯಲ್ಲಿ ಸಮಯ ಕರಗುತ್ತಿತ್ತು. ಕೊನೆಗೆ ನನ್ನ ಹೆಸರನ್ನು ನಾನೇ ಒತ್ತಿದೆ. ಸರಿ ಉತ್ತರ ನನ್ನದೊಂದೇ ಎಂದು ಟಿವಿ ತುತ್ತೂರಿ ಊದಿತು.

"ಸಿಟ್ಟ ಬಂತೇನ್ರಿ ಮಾವ?" ಅವಳ ಕಣ್ಣು ತುಂಬಿತ್ತು.

"ಒಂದ ತಪ್ಪೈತಿ," ಎಂದೆ. "ನೀ ಬಲಗೈಲೆ ಎತ್ತಿದಿ. ನಾ ಚಪ್ಪಲಿ ಎಡಗೈಲೆ ಎತ್ತತೇನಿ."

"ಇಲ್ರಿ. ನಾ ದಿನಾ ನೋಡತೇನಿ. ಬಲಗೈಲೇನ ಎತ್ತತೀರಿ."

ಬೀಗತಿ ತಲೆಯ ಮೇಲೆ ಕೈ ಹೊತ್ತಳು. ಪರೀಕ್ಷೆ ಮಾಡದೆ ತೀರ್ಪು ಕೊಡುವವನಲ್ಲ ನಾನು. ಎದ್ದು ಬಾಗಿಲಿಗೆ ಹೋಗಿ ಇನ್ನೊಂದು ಜೊತೆ ಚಪ್ಪಲಿಯತ್ತ ಬಾಗಿದೆ. ಕೈ ತಾನಾಗಿಯೇ ಮುಂದೆ ಹೋಯಿತು. ಬಲಗೈ.

ಹಿಂದೆ ನಗು ಸಿಡಿಯಿತು. ಎಲ್ಲಕ್ಕಿಂತ ಜೋರು ಅವಳದೇ.

"ಹ್ಯಾಂಗೂ ಬಗ್ಗೇರಿ," ಎಂದಳು ಸೊಸೆ, "ಆ ಬಾಜೂದವೂ ಜೋಡಿಸಿಬಿಡ್ರಿ ಮಾವ!"