ಗಾಳಿಗೆ ಹೋದ ಹೆಸರು

ಇವತ್ತು ಹೆಂಡತಿಯ ಬಾಯಿಂದ ತನ್ನ ಹೆಸರು ಹೇಳಿಸದಿದ್ದರೆ ಪಲ್ಟಣಿನಲ್ಲಿ ವೈರ್‌ಲೆಸ್ ಕಲಿತದ್ದೇ ದಂಡ ಎಂದು ಮಸಗುಪ್ಪಿಯ ಹೊಳೆಪ್ಪ ಮೀಸೆ ತಿರುವಿ ಶಪಥ ಮಾಡಿದ! ಗಡಿಯ ಹಿಮದಲ್ಲಿ ಕುಳಿತು ಕರ್ನಲ್ ಸಾಹೇಬರನ್ನೇ ಮಾತಾಡಿಸಿ ಬಂದವನಿಗೆ ಸ್ವಂತ ಹೆಂಡತಿ ಯಾವ ಲೆಕ್ಕ?

ಪದ್ಮವ್ವ ಮಾತ್ರ ಕರ್ನಲ್ಲರಿಗಿಂತ ಗಟ್ಟಿ. ಹೆಸರೆತ್ತಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆಂದು ನಂಬಿದ ಆ ಮಹಾತಾಯಿ, ‘ಹೊಳೆ’ ಎಂಬ ಮಾತನ್ನೇ ಬಿಟ್ಟಿದ್ದಳು. ಅರಿವೆ ಒಗೆಯಲು ‘ಹರಿಯೂ ನೀರಿಗೆ’ ಹೋಗುತ್ತಿದ್ದಳು. ಮದುವೆಯ ದಿನ ಎಲ್ಲರ ಬಲವಂತಕ್ಕೆ ಒಡಪಿನ ಪ್ರಾಸದಲ್ಲಿ ಸೇರಿಸಿ ಹೆಸರು ಹೇಳಿದ್ದಳಂತೆ. ಆದರೆ ಸರಿಯಾಗಿ ಅದೇ ಹೊತ್ತಿಗೆ ಹಲಗೆ ಬಾರಿಸುವವರಿಗೆ ಹುರುಪು ಬಂದು, ಮದುಮಗನ ಕಿವಿಗೆ ಬಿದ್ದದ್ದು ಹಲಗೆಯ ಸಪ್ಪಳ ಮಾತ್ರ!

ಅಂದಿನಿಂದ ಹೊಳೆಪ್ಪನಿಗೆ ಒಂದೇ ಕನಸು. ಕಾಲುವೆಯ ದಂಡೆಗೆ ಒರಗಿ ಕಣ್ಣು ಮುಚ್ಚಿದರೆ ಸಾಕು, ಜೋಳದ ತೆನೆಗಳ ಮೇಲಿಂದ ಅವಳ ದನಿ ತೇಲಿಬಂದು ‘ಹೊಳೆಪ್ಪಾ’ ಎನ್ನುತ್ತಿತ್ತು. ಮೈ ಹಗುರಾಗಿ ಆಕಾಶಕ್ಕೆ ಏರುತ್ತಿತ್ತು. ಕಣ್ಣು ಬಿಟ್ಟರೆ ಕಪ್ಪೆ ಕೂಗುತ್ತಿರುತ್ತಿತ್ತು.

ಅವನ ನೌಕರಿ ಕಾಲುವೆಯ ಕಚೇರಿಯಲ್ಲಿ, ವಾಕಿ-ಟಾಕಿ ನೋಡಿಕೊಳ್ಳುವುದು. ಒಂದು ಸೆಟ್ಟು ಊರ ಪಕ್ಕದ ತೂಬು ಕಾಯುವ ಕೇದಾರಿಯ ಹತ್ತಿರ, ಒಂದು ಓವರ್ಸಿಯರರ ಜೀಪಿನಲ್ಲಿ, ಒಂದು ಇವನ ಹೆಗಲಲ್ಲಿ. ರಿಪೇರಿಯಾದ ಇನ್ನೊಂದನ್ನು ಪರೀಕ್ಷೆಯ ನೆಪದಲ್ಲಿ ಮನೆಗೆ ತಂದ.

“ಇದೇನ್ರಿ, ಇಟ್ಟಂಗಿಗೆ ಬಾಲಾ ಹಚ್ಚಿ ತಂದೀರಿ?”

“ವಾಕಿ-ಟಾಕಿ! ಗುಂಡಿ ಒತ್ತಿದ್ರ ನಿನ್ನ ಮಾತು ಹೋಗತೈತಿ. ಬಿಟ್ರ ನನ್ನ ಮಾತು ಬರತೈತಿ. ಎರಡೂ ಕೂಡೇ ಆಗಂಗಿಲ್ಲ. ಮಾತು ಮುಗೀತಂದ್ರ ‘ಓವರ್’ ಅನ್ನಬೇಕು.”

“ಅಷ್ಟೇನ?”

“ಮೊದಲ ಯಾರನ್ನ ಕರೀತಿ, ಅವರ ಹೆಸರ ಹೇಳಬೇಕು. ಇದು ಮಿಲಿಟರಿ ಕಾನೂನು!”

ಪದ್ಮವ್ವ ಸೆಟ್ಟನ್ನು ಅವನ ಕೈಗೇ ತಿರುಗಿ ಕೊಟ್ಟಳು. “ಹಂಗಾರ ಈ ಮಿಲಿಟರಿ ನಮಗ ಬ್ಯಾಡ್ರಿ.”

“ಒಡಪಿನ್ಯಾಗರೆ ಹೇಳ! ಕೇಳಾಕ ಮೂರನೇದವರು ಯಾರದಾರ? ಕೇದಾರಿ ಕಾಕಾ ಈ ಹೊತ್ತಿಗೆ ಗೊರಕಿ ಹೊಡೀತಿರತಾನ.”

ಅವಳು ನೆಲ ನೋಡಿದಳು. ಮುಖದಲ್ಲಿ ಏನೋ ಒಂದು ನಗೆ ಬಂದು ಹೋಯಿತು. “ಖರೇನ ನೀವೊಬ್ಬರ ಕೇಳತೀರಿ? ನನಗೂ ಒಂದ ಮಾತು ಹೇಳೂದೈತಿ. ಎದುರಿಗೆ ನಾಚಿಕಿ ಬರತೈತಿ.”

ಹೊಳೆಪ್ಪ ಕಾಲುವೆಯ ದಂಡೆಗೆ ಓಡಿದನೋ ಹಾರಿದನೋ! ಹೊತ್ತು ಮುಳುಗುತ್ತಿತ್ತು. ನೀರು ಬಂಗಾರದ ಬಣ್ಣಕ್ಕೆ ತಿರುಗಿತ್ತು. ಸೆಟ್ಟನ್ನು ಕೆನ್ನೆಗೆ ಒತ್ತಿ, “ಪದ್ಮಾ, ಪದ್ಮಾ! ನಾ ಹೊಳೆಪ್ಪ. ನನ್ನ ಹೆಸರ ಕರಿ. ಓವರ್!” ಎಂದು ಕಣ್ಣು ಮುಚ್ಚಿದ. ಗಾಳಿ ನಿಂತಿತು. ಜಗತ್ತೇ ಅವನ ಜೊತೆ ಕಿವಿಗೊಟ್ಟಂತಾಯಿತು. ಕನಸು ಈಗ ಬಂತು, ಈಗ ಬಂತು ಎಂದು ಕಾದ.

ಸೆಟ್ಟು ಕಲ್ಲಿನಂತೆ ಸುಮ್ಮನಿತ್ತು. ಕತ್ತಲಾಗುವವರೆಗೆ ಕಾದು, ಅವಳು ನಾಚಿ ಸೆಟ್ಟು ಕೆಳಗಿಟ್ಟಿರಬೇಕು ಎಂದು ಜೋಲುಮುಖ ಹಾಕಿ ಮನೆಯ ದಾರಿ ಹಿಡಿದ. ಎದುರಿಗೆ ಓವರ್ಸಿಯರರ ಜೀಪು ನಿಂತಿತು.

“ಶಾಬ್ಬಾಸ್ ಹೊಳೆಪ್ಪ! ಬಾಯಿ ಸಿಹಿ ಮಾಡಾಕ ಕರದಂಟು ಎಲ್ಲಿ?”

ಬಡ್ತಿ ಬಂದಿರಬೇಕು ಎಂದುಕೊಂಡು ಇವನು ಸೆಲ್ಯೂಟ್ ಹೊಡೆದ. ತೂಬಿನ ಹತ್ತಿರ ಕೇದಾರಿ ಬಂದು ತಬ್ಬಿಕೊಂಡೇಬಿಟ್ಟ.

“ಪದ್ಮವ್ವ ತಂಗಿ ಒಡಪು ಹೇಳಿದ್ಲು ನೋಡ, ನನ್ನ ನಿದ್ದಿ ಹಾರಿಹೋತು! ಅಷ್ಟೂ ಬಾಯಿಪಾಠ ಮಾಡೇನಿ.” ಬೀಡಿ ಸೇದಿ ಸೇದಿ ಒಡೆದ ಕಂಠ ಸರಿಮಾಡಿಕೊಂಡು, ಪೊದೆಮೀಸೆಯ ಆ ಕೇದಾರಿ ರಾಗವಾಗಿ ಹೇಳಿದ:

“ಕಾಲುವಿ ನೀರಾಗ ಮೀನ ಹೊಳದಾವ,
ತೊಟ್ಟ ಕುಬಸ ಮೈಗೆ ಬಿಗಿಯಾಗ್ಯಾವ,
ಹೊಳೆಪ್ಪನವರ ಮನ್ಯಾಗ ತೊಟ್ಟಿಲ ಕಟ್ಟೂ ದಿನಾ ಬಂದಾವ. ಓವರ್!”

ಹೊಳೆಪ್ಪನಿಗೆ ನಗುವೋ ಅಳುವೋ ತಿಳಿಯಲಿಲ್ಲ. ತಾನು ಅಪ್ಪನಾಗುವ ಸುದ್ದಿ!

“ನನಗ್ಯಾಕ ಕೇಳಲಿಲ್ಲೋ ಕಾಕಾ?”

“ನಿನ್ನ ಕೈ ನೋಡ್ಕೋ ತಮ್ಮಾ.”

ನೋಡಿಕೊಂಡ. ಕನಸಿನ ಭರದಲ್ಲಿ ಒತ್ತಿದ ಹೆಬ್ಬೆರಳು ಇನ್ನೂ ಗುಂಡಿಯ ಮೇಲೇ ಇತ್ತು!

ಮನೆಯಲ್ಲಿ ಪದ್ಮವ್ವ ಬಾಗಿಲಿಗೇ ನಿಂತಿದ್ದಳು. “ಕೇಳಿದ್ರಲ್ಲಾ?” ಎಂದು ಸೆರಗಿನಲ್ಲಿ ಮುಖ ಮರೆಮಾಡಿದಳು. ಹೊಳೆಪ್ಪನ ಕಣ್ಣು ತುಂಬಿ ಬಂತು. ನಡೆದದ್ದನ್ನೆಲ್ಲ ಒಪ್ಪಿಸಿ, “ಇನ್ನೊಂದ ಸಲ ಹೇಳ ಪದ್ಮಾ, ನಿನ್ನ ಕಾಲ ಬೀಳತೇನಿ” ಎಂದು ಅಂಗಲಾಚಿದ.

ಸೆರಗು ಸರ್ರನೆ ಇಳಿಯಿತು.

“ಹೇಳಿದಾಕಿ ನಾನು, ಕೇಳಿದಾಂವ ಕೇದಾರಿ ಕಾಕಾ. ಹೋಗ್ರಿ, ಬಾಣಂತನಾನೂ ಅವನ ಕಡೀಂದನ ಮಾಡಸ್ರಿ!”